ಗಾಂಧಾರ ಹುಡುಕುತ್ತ ಟೋಕಿಯೊಗೆ

ಅಕಿಹಾಬಾರಾ ನಿಲ್ದಾಣದ 'ಎಲೆಕ್ಟ್ರಿಕ್ ಟೌನ್' ಬಾಗಿಲಿನಿಂದ ಹೊರಗೆ ಬಂದವರು ಮೊದಲು ಕತ್ತೆತ್ತುತ್ತಾರೆ. ಕಟ್ಟಡಗಳ ಮೈತುಂಬ ಮಹಡಿಯೆತ್ತರದ ಕಾರ್ಟೂನ್ ಹುಡುಗಿಯರು, ಅವರ ನಡುವೆ ಉರಿಯುವ ಬಣ್ಣದ ಅಕ್ಷರಗಳು, ಒಂದೊಂದು ಅಂಗಡಿಯ ಬಾಗಿಲಲ್ಲೂ ಒಂದೊಂದು ಹಾಡು. ನನ್ನ ಅಣ್ಣನ ಮಗ ಮಾತ್ರ ಕತ್ತೆತ್ತಲು ಬಿಡದೆ, ತೋಳು ಹಿಡಿದು ರೈಲು ಹಳಿಯ ಕೆಳಗಿನ ಒಂದು ಸಂದಿಯೊಳಗೆ ನುಗ್ಗಿಸಿದ. "ಹೊಸದೆಲ್ಲ ಆಮೇಲೆ ಚಿಕ್ಕಪ್ಪ. ಮೊದಲು ಹಳೇದು ನೋಡಿಬಿಡಿ."

ಅದು ರೇಡಿಯೊ ಸೆಂಟರ್. ಯುದ್ಧ ಮುಗಿದ ಮೇಲೆ ಇಲ್ಲಿಯ ಬೀದಿಬದಿಯಲ್ಲಿ ರೇಡಿಯೊ ಬಿಡಿಭಾಗ ಮಾರುತ್ತಿದ್ದವರನ್ನು 1949ರ ಸುಮಾರಿಗೆ ಅಮೆರಿಕನ್ ಸೇನಾಡಳಿತ ಎಬ್ಬಿಸಿತು. ಅವರು ಬಂದು ಸೇರಿಕೊಂಡದ್ದು ಹಳಿಯ ಕೆಳಗೆ. ಇವತ್ತಿಗೂ ಅಲ್ಲಿ ಒಬ್ಬರು ಕೂತರೆ ಇನ್ನೊಬ್ಬರಿಗೆ ಜಾಗವಿಲ್ಲದಂಥ ಮಳಿಗೆಗಳು. ಒಂದರಲ್ಲಿ ಬರೀ ಸ್ವಿಚ್ಚು, ಒಂದರಲ್ಲಿ ಬರೀ ಟ್ರಾನ್ಸ್‌ಫಾರ್ಮರು, ಇನ್ನೊಂದರಲ್ಲಿ ಜಾಕು, ಪ್ಲಗ್ಗು, ಕೂದಲೆಳೆಯಂಥ ತಂತಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಲೆದು ಪಳಗಿದ ನನಗೂ ಅದು ಇಕ್ಕಟ್ಟೆನಿಸಿತು. ತಲೆಯ ಮೇಲೆ ರೈಲು ಹಾದಾಗ ಡಬ್ಬಿಗಳಲ್ಲಿನ ರೆಸಿಸ್ಟರುಗಳು ಸಣ್ಣಗೆ ಕಿಣಿಗುಟ್ಟುತ್ತವೆ. ಮುದುಕರೊಬ್ಬರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಸೋಲ್ಡರಿಂಗ್ ಮಾಡುತ್ತಿದ್ದರು. ನಾವು ನಿಂತು ನೋಡಿ ಹೊರಟರೂ ಅವರು ತಲೆಯೆತ್ತಲಿಲ್ಲ.

ನಾನು ಟೋಕಿಯೊಗೆ ಬಂದದ್ದು ಇಯರ್‌ಫೋನ್ ಕೇಳಲಿಕ್ಕೆ. ಕೊಳ್ಳಲಿಕ್ಕೆ ಅಂದಿದ್ದರೆ ಮನೆಯಲ್ಲಿ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಬರೀ ಕೇಳಲಿಕ್ಕೆ ಅಷ್ಟು ದೂರ ಹೋಗಬೇಕೇ ಅಂದವರಿಗೆ ನಾನು ಹೇಳಿದ್ದು ಇಷ್ಟೇ: ಒಂದು ಸೀರೆಗಾಗಿ ಅಂಗಡಿಯವನಿಂದ ಐವತ್ತು ಸೀರೆ ಬಿಚ್ಚಿಸುತ್ತೀರಿ, ಇಯರ್‌ಫೋನನ್ನು ಮಾತ್ರ ಡಬ್ಬಿಯ ಮೇಲಿನ ಚಿತ್ರ ನೋಡಿ ತರಬೇಕು, ಇದು ಯಾವ ನ್ಯಾಯ? ನಮ್ಮೂರಿನಲ್ಲಿ ಕಿವಿಗೆ ಹಾಕಿ ನೋಡುತ್ತೇನೆಂದರೆ ಡಬ್ಬಿ ಒಡೆಯಬೇಕು, ಒಡೆದರೆ ಕೊಳ್ಳಬೇಕು. ಇಲ್ಲಿ ಹಾಗಿಲ್ಲ, ಬನ್ನಿ ಎಂದು ಅಣ್ಣನ ಮಗ ವರ್ಷಗಟ್ಟಲೆ ಕರೆಯುತ್ತಲೇ ಇದ್ದ. ಅವನು ಟೋಕಿಯೊ ಪಕ್ಕದ ಕವಾಸಾಕಿಯಲ್ಲಿ ಎಂಜಿನಿಯರು. ಸಂಬಳದ ಒಂದು ಪಾಲು ತಿಂಗಳು ತಿಂಗಳೂ ಅವನ ಕಿವಿಗೇ ಹೋಗುತ್ತದೆಂದು ಅತ್ತಿಗೆಗೆ ಬೇಸರ.

ಅವನು ಕರೆದೊಯ್ದ ಇ-ಇಯರ್‌ಫೋನ್ ಎಂಬ ಅಂಗಡಿ ಒಸಾಕಾದಲ್ಲಿ ಹುಟ್ಟಿ ಅಕಿಹಾಬಾರಾಕ್ಕೆ ಬಂದದ್ದು. ಬಾಗಿಲು ದಾಟಿದ ಕೂಡಲೆ ನನ್ನನ್ನು ತಡೆದು ನಿಲ್ಲಿಸಿದ್ದು ಅಲ್ಲಿಯ ನಿಶ್ಶಬ್ದ. ಹೊರಗೆ ಬೀದಿ ಕೂಗುತ್ತಿತ್ತು. ಒಳಗೆ ಜನ ಕಿಕ್ಕಿರಿದಿದ್ದರು, ಆದರೆ ಮಾತಿಲ್ಲ, ಹಾಡಿಲ್ಲ. ಶಾಲಾ ಸಮವಸ್ತ್ರದ ಹುಡುಗರು, ಕೋಟು ಹಾಕಿದ ಗುಮಾಸ್ತರು, ಬೆನ್ನಿಗೆ ಗಿಟಾರು ಕಟ್ಟಿಕೊಂಡ ಹೆಣ್ಣುಮಗಳೊಬ್ಬಳು. ಎಲ್ಲರ ಕಿವಿಯೊಳಗೂ ಒಂದೊಂದು ಕಛೇರಿ ನಡೆಯುತ್ತಿದೆ. ಒಬ್ಬರದು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಒಬ್ಬ ಕಣ್ಣು ಮುಚ್ಚಿ ತಲೆ ಅಲ್ಲಾಡಿಸುತ್ತಿದ್ದ, ಪಕ್ಕದವನು ಹಣೆ ಗಂಟಿಕ್ಕಿಕೊಂಡಿದ್ದ. ಇಬ್ಬರ ಕೈಯಲ್ಲೂ ಒಂದೇ ಮಾದರಿ.

ಮೇಜುಗಳ ಉದ್ದಕ್ಕೂ ಸಾವಿರ ಯೆನ್‌ನವು, ಹತ್ತು ಸಾವಿರದವು, ಗಾಜಿನ ಕಪಾಟಿನಲ್ಲಿ ಲಕ್ಷಗಟ್ಟಲೆ ಯೆನ್‌ನವು. ಕಪಾಟಿನದನ್ನೂ ಕೇಳಬಹುದು, ಬಾಯಿಬಿಟ್ಟು ಕೇಳಿದರೆ ಸಾಕು. ಕೊಳ್ಳುವ ಮುಖವೋ ಅಲ್ಲವೋ ಎಂದು ಯಾರೂ ಅಳೆಯುವುದಿಲ್ಲ. ನಿಮ್ಮದೇ ಪ್ಲೇಯರು ತಂದು, ನಿಮ್ಮದೇ ಹಾಡು ಹಾಕಿಕೊಂಡು, ಮುಗಿದ ಮೇಲೆ ಒರೆಸಿ ಇದ್ದಲ್ಲೇ ಇಟ್ಟರಾಯಿತು. ಇದನ್ನು ಕಂಡು ನನಗಾದ ಬೆರಗನ್ನು ಮುಂದೆ ಕೇಳಿದ ಎಷ್ಟೋ ಇಯರ್‌ಫೋನುಗಳೂ ತರಲಿಲ್ಲ.

ಈ ಗೀಳಿನವರು ಇಂಥ ಇಯರ್‌ಫೋನನ್ನು ಐಇಎಂ, ಅಂದರೆ ಇನ್-ಇಯರ್ ಮಾನಿಟರ್ ಎಂದೂ ಕರೆಯುತ್ತಾರೆ. ಮಾನಿಟರ್ ಎಂಬುದು ವೇದಿಕೆಯ ಕಸುಬಿನ ಮಾತು. ರಾಕ್ ಗಾಯಕನ ಕಾಲ ಬುಡದಲ್ಲಿ ಅವನ ಕಡೆಗೇ ಮುಖ ಮಾಡಿ ಇಟ್ಟ ಸ್ಪೀಕರು ಮಾನಿಟರ್; ತನ್ನ ದನಿ ತನಗೆ ಕೇಳದಿದ್ದರೆ ಹಾಡುವುದು ಹೇಗೆ? ಡ್ರಮ್ಮಿನ ಅಬ್ಬರಕ್ಕೆ ಆ ಸ್ಪೀಕರನ್ನು ಏರಿಸುತ್ತ ಏರಿಸುತ್ತ ಹೋಗಿ ಕಿವಿ ಕೆಡಿಸಿಕೊಂಡವರು ಬಹಳ. 1995ರಲ್ಲಿ ವ್ಯಾನ್ ಹೇಲನ್ ತಂಡದ ಧ್ವನಿ ಎಂಜಿನಿಯರ್ ಜೆರ್ರಿ ಹಾರ್ವಿ ತಮ್ಮ ಡ್ರಮ್ಮರಿಗಾಗಿ ಕಿವಿಯೊಳಗೇ ಕೂರುವ ಮಾನಿಟರು ಕಟ್ಟಿಕೊಟ್ಟರು. ಅದರಿಂದಲೇ ಅಲ್ಟಿಮೇಟ್ ಇಯರ್ಸ್ ಎಂಬ ಕಂಪನಿ ಹುಟ್ಟಿತು. ಅದಕ್ಕೂ ಮೊದಲು, 1991ರಲ್ಲೇ, ಮೀಡ್ ಕಿಲಿಯನ್ ಎಂಬ ಶ್ರವಣ ವಿಜ್ಞಾನಿ ಇಆರ್-4 ಎಂಬುದನ್ನು ತಂದಿದ್ದರು. ಕಿವಿ ಮಂದವಾದವರ ಹಿಯರಿಂಗ್ ಏಡ್‌ನಲ್ಲಿ ಬಳಸುವ ಪುಟಾಣಿ ಡ್ರೈವರನ್ನೇ, ಅಂದರೆ ಸದ್ದು ಹುಟ್ಟಿಸುವ ಭಾಗವನ್ನೇ, ಸಂಗೀತಕ್ಕೆ ಹಚ್ಚಿದ ಕೆಲಸ ಅದು. ಕೇಳದವರಿಗೆ ಕೇಳಿಸಲು ಮಾಡಿದ್ದು ಚೆನ್ನಾಗಿ ಕೇಳುವವರ ಗೀಳಾಗಿ ಬೆಳೆದ ಈ ಕಥೆ ನನಗೆ ತುಂಬ ಇಷ್ಟ.

ನನ್ನ ಪ್ಲೇಯರಿನಲ್ಲಿ ದೊರೆಸ್ವಾಮಿ ಅಯ್ಯಂಗಾರರ ವೀಣೆ ಇತ್ತು, ಮನ್ಸೂರರ ಗಾಯನ ಇತ್ತು, ಒಂದು ಮೃದಂಗದ ತನಿ ಇತ್ತು. ಎಲ್ಲಕ್ಕಿಂತ ಮೊದಲು ಹಚ್ಚುತ್ತಿದ್ದದ್ದು ಮಾತ್ರ ಬರೀ ತಂಬೂರಿ. ಮೈಸೂರಿನ ಮನೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ನನ್ನ ತಂಬೂರಿಯನ್ನು ನಾನೇ ಮೀಟಿ ರೆಕಾರ್ಡ್ ಮಾಡಿಕೊಂಡು ಬಂದದ್ದು. ಅಣ್ಣನ ಮಗನಿಗೆ ನಗು. "ಎಲ್ಲರೂ ಇಲ್ಲಿಗೆ ಹಾಡು ತರ್ತಾರೆ, ನೀವು ಶ್ರುತಿ ಮಾತ್ರ ತಂದಿದ್ದೀರಲ್ಲ!"

ಇದಕ್ಕೆ ಕಾರಣವಿತ್ತು. ತಂಬೂರಿಗೆ ನಾಲ್ಕು ತಂತಿ: ಪಂಚಮ, ಸಾರಣಿ, ಅನುಸಾರಣಿ, ಮಂದ್ರ. ಒಂದು ಪಂಚಮಕ್ಕೆ, ಮೂರು ಷಡ್ಜಕ್ಕೆ. ಗಾಂಧಾರಕ್ಕೆ ತಂತಿಯೇ ಇಲ್ಲ. ಆದರೂ ಶ್ರುತಿ ಸರಿಯಾಗಿ ಕೂಡಿ, ತಂತಿ ಹೊತ್ತ ಕುದುರೆಯ ಮೇಲಿನ ಜೀವಾಳದ ಎಳೆ ತನ್ನ ಜಾಗದಲ್ಲಿ ಕೂತಾಗ, ಮಂದ್ರದ ತಂತಿ ಮೀಟಿದ ಸ್ವಲ್ಪ ಹೊತ್ತಿಗೆ ಅದರ ಮೈಯಿಂದ ಅಂತರ ಗಾಂಧಾರವೊಂದು ಏಳುತ್ತದೆ. ತಂತಿಯ ಕಂಪನದ ಐದು ಪಟ್ಟು, ಎರಡು ಸ್ಥಾಯಿ ಮೇಲೆ. ನನ್ನದು ಒಂದೂವರೆ ಶ್ರುತಿ. ಮಂದ್ರ ಸುಮಾರು 69 ಹರ್ಟ್ಸ್, ಗಾಂಧಾರ 346ರ ಆಸುಪಾಸು. ಸಿ.ವಿ. ರಾಮನ್ 1921ರಲ್ಲಿ ತಂಬೂರಿ, ವೀಣೆಗಳ ಈ ಕುದುರೆಯ ಬಗ್ಗೆಯೇ ಒಂದು ಪ್ರಬಂಧ ಬರೆದರು. ತಂತಿಯನ್ನು ಇಂಥ ಜಾಗದಲ್ಲಿ ಮೀಟಿದರೆ ಇಂಥ ಉಪಸ್ವರ ಹುಟ್ಟಬಾರದು ಎಂದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ನಿಯಮ ಹೇಳುತ್ತದೆ. ತಂಬೂರಿಯಲ್ಲಿ ಅದು ಹುಟ್ಟುತ್ತದೆ, ಜೋರಾಗಿಯೇ ಹುಟ್ಟುತ್ತದೆ ಎಂದು ರಾಮನ್ ತೋರಿಸಿದರು. ನೊಬೆಲ್ ಬರುವುದಕ್ಕೆ ಒಂಬತ್ತು ವರ್ಷ ಮೊದಲಿನ ಮಾತು.

ಯಾರೂ ಮೀಟದ ಈ ಸ್ವರವನ್ನು ನನ್ನ ಪಾಲಿನ ಪರೀಕ್ಷಕನನ್ನಾಗಿ ಮಾಡಿಕೊಂಡೆ. ಇಯರ್‌ಫೋನು ಬೇಸನ್ನು ಉಬ್ಬಿಸಿದರೆ ಗಾಂಧಾರ ಮುಳುಗುತ್ತದೆ, ಏಕೆಂದರೆ ತಗ್ಗಿನ ಸ್ವರ ಜೋರಾದಾಗ ತನಗಿಂತ ಮೇಲಿನದನ್ನು ಮುಚ್ಚಿಹಾಕುವುದು ಕಿವಿಯ ಸ್ವಭಾವ. ಟ್ರೆಬಲ್ಲನ್ನು ಆರೇಳು ಸಾವಿರ ಹರ್ಟ್ಸಿನ ಬಳಿ ಚೂಪು ಮಾಡಿದ್ದರೆ ಜೀವಾಳದ ಝೇಂಕಾರ ಮುಂದೆ ಬಂದು ಗಿಜಿಗುಟ್ಟುತ್ತದೆ, ಗಾಂಧಾರ ಅದರ ಹಿಂದೆ ಎಲ್ಲೋ ನಿಲ್ಲುತ್ತದೆ. ಎರಡೂ ತನ್ನ ಹದದಲ್ಲಿದ್ದರೆ ಮಾತ್ರ ಅದು ತಾನಾಗಿ ಮೇಲೆ ಬರಬೇಕು.

ಮೊದಲು ಕೈಗೆ ಸಿಕ್ಕಿದ್ದು ದುಬಾರಿ ಮಾಲು. ಹಾಕಿಕೊಂಡೆ. ಅಬ್ಬ, ಎಂಥ ತುಂಬು ನಾದ! ಪಕ್ಕದ್ದು ಅದರ ಮುಂದೆ ಸಪ್ಪೆ. ತೀರ್ಪು ಕೊಟ್ಟೇಬಿಟ್ಟೇನು ಅನ್ನುವಾಗ ಅಣ್ಣನ ಮಗ ಪ್ಲೇಯರಿಗೆ ಕೈಹಾಕಿ ವಾಲ್ಯೂಮನ್ನು ಎರಡು ಮೆಟ್ಟಿಲು ಇಳಿಸಿದ. "ಈಗ ಹೇಳಿ." ನಾದದ ತುಂಬುತನ ಅರ್ಧ ಮಾಯ. ಒಂದು ಇಯರ್‌ಫೋನು ಕಡಿಮೆ ವಿದ್ಯುತ್ತಿಗೇ ಜೋರಾಗಿ ನುಡಿಯುತ್ತದೆ, ಇನ್ನೊಂದಕ್ಕೆ ಹೆಚ್ಚು ಬೇಕು. ಒಂದೆರಡು ಡೆಸಿಬೆಲ್ ಜೋರಾದದ್ದನ್ನು ಮನಸ್ಸು 'ಜೋರು' ಎನ್ನುವುದಿಲ್ಲ, 'ಚೆನ್ನ' ಎನ್ನುತ್ತದೆ. ಮೆಲ್ಲಗೆ ಕೇಳಿದಾಗ ಬೇಸೂ ಟ್ರೆಬಲ್ಲೂ ಕಿವಿಗೆ ಕಡಿಮೆಯಾಗಿ ಮುಟ್ಟುತ್ತವೆ, ಜೋರು ಮಾಡಿದಾಗ ಅವು ಎದ್ದು ಬರುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು ಇದರ ರೇಖೆಗಳನ್ನು 1933ರಲ್ಲೇ ಎಳೆದಿಟ್ಟಿದ್ದಾರೆ. ಸಂತೆಯಲ್ಲಿ ಕೂಗಿದವನ ಬದನೆಕಾಯಿಯೇ ಮೊದಲು ಖರ್ಚಾಗುವುದು ಇದೇ ಕಾರಣಕ್ಕೋ ಏನೋ, ರಾಮನ್ ಇದ್ದಿದ್ದರೆ ಕೇಳಬಹುದಿತ್ತು.

ಅಲ್ಲಿಂದ ಮುಂದೆ ಪ್ರತಿ ಸಲವೂ ಮೊದಲು ಮನ್ಸೂರರ ದನಿಯನ್ನು ಒಂದೇ ಎತ್ತರಕ್ಕೆ ಹೊಂದಿಸಿಕೊಂಡು, ಆಮೇಲೆ ಉಳಿದದ್ದನ್ನು ಕೇಳುವುದು ಎಂದಾಯಿತು. ಒಂದನ್ನು ತೆಗೆದು ಇನ್ನೊಂದನ್ನು ಹಾಕಿಕೊಳ್ಳುವಷ್ಟರಲ್ಲೇ ಹಿಂದಿನದರ ನೆನಪು ಮಸುಕಾಗುತ್ತದೆ. ಕಣ್ಣು ಕಂಡದ್ದನ್ನು ಮತ್ತೆ ತಿರುಗಿ ನೋಡಬಹುದು. ಕಿವಿಗೆ ಹಾಗೆ ತಿರುಗುವ ದಾರಿಯಿಲ್ಲ. ನಾದದ ಸೂಕ್ಷ್ಮ ವಿವರ ಮನಸ್ಸಿನಲ್ಲಿ ನಿಲ್ಲುವುದು ಕೆಲವೇ ಸೆಕೆಂಡು. ಹಾಗಿದ್ದೂ ಜನ ಕಳೆದ ವರ್ಷ ಕೇಳಿದ್ದಕ್ಕಿಂತ ಇದು ಮೇಲು ಎಂದು ಎಷ್ಟು ಧೈರ್ಯದಿಂದ ಹೇಳುತ್ತಾರೆ!

ನನಗೆ ಗಾಂಧಾರ ಸಿಗಲೇ ಇಲ್ಲ, ಯಾವುದರಲ್ಲೂ. ಮಂದ್ರವೇ ಬಡಕಲು. ಆಗ ಅಂಗಡಿಯ ಹುಡುಗ ಹತ್ತಿರ ಬಂದು ಬಾಗಿ ನಮಸ್ಕರಿಸಿ, ಒಂದು ಪುಟ್ಟ ಪೆಟ್ಟಿಗೆ ತೆರೆದಿಟ್ಟ. ಒಳಗೆ ಸಾಲುಸಾಲಾಗಿ ರಬ್ಬರಿನ ಟಿಪ್ಸು: ಸಿಲಿಕೋನಿನವು, ನೊರೆಯಂತೆ ಹಿಚುಕುವವು, ಮೂರು ಛತ್ರಿ ಪೋಣಿಸಿದವು. ನನ್ನ ಕಿವಿಯನ್ನು ದೂರದಿಂದಲೇ ನೋಡಿ ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ ಆರಿಸಿಕೊಟ್ಟ. ಹಾಕಿಕೊಂಡೆ. ಅದೇ ಇಯರ್‌ಫೋನು, ಅದೇ ತಂಬೂರಿ, ಆದರೆ ನೆಲ ಬಂದು ಕಾಲಡಿಗೆ ಸೇರಿತು. ಕಿವಿಯ ಗೋಡೆಗೂ ರಬ್ಬರಿಗೂ ನಡುವೆ ಕೂದಲೆಳೆಯಷ್ಟು ಸಂದಿಯಿದ್ದರೂ ಬೇಸು ಅಲ್ಲಿಂದ ಸೋರಿಹೋಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಂದ ಇಯರ್‌ಫೋನಿಗೆ 'ಬೇಸೇ ಇಲ್ಲ' ಎಂದು ದೂರುವವರಲ್ಲಿ ಬಹುಪಾಲು ಜನರ ಕಷ್ಟ ಈ ರಬ್ಬರಿನದು.

ಎರಡು ಕಿವಿಗೆ ಎರಡು ಅಳತೆ ಯಾಕೆ ಎಂಬುದು ತಲೆಯಲ್ಲಿ ಕೊರೆಯತೊಡಗಿತು. ಮರುದಿನ ಹಿಯರಿಂಗ್ ಏಡ್ ಅಂಗಡಿಯೊಂದರಲ್ಲಿ ನನ್ನ ಕಿವಿಯ ಅಚ್ಚು ತೆಗೆಸಿದೆ. ಕಿವಿಗೆ ಹೇಳಿ ಮಾಡಿಸಿದ ಇಯರ್‌ಫೋನು ಬೇಕಾದವರು ಮೊದಲು ಮಾಡುವ ಕೆಲಸ ಅದು. ಟೋಕಿಯೊದಲ್ಲಿ ಹೀಗೆ ಮಾಡಿಕೊಡುವ ಫಿಟ್‌ಇಯರ್ ಎಂಬ ಹೆಸರುವಾಸಿ ಸಂಸ್ಥೆ ಮೂಲದಲ್ಲಿ ಸುಯಾಮಾ ಎಂಬ ದಂತ ಪ್ರಯೋಗಶಾಲೆ. ಬಾಯಿಯ ಅಚ್ಚು ತೆಗೆದು ಹಲ್ಲು ಕಟ್ಟುವ ಕೈ ಕಿವಿಯ ಅಚ್ಚಿಗೂ ಒಗ್ಗಿತು. ನನ್ನ ಕಿವಿಯೊಳಗೆ ಮೊದಲು ದಾರ ಕಟ್ಟಿದ ಪುಟ್ಟ ಸ್ಪಂಜು ಇಳಿಸಿದರು, ಕಿವಿತಮಟೆಗೆ ರಕ್ಷೆಯಾಗಿ. ಹಲ್ಲಿನ ನಡುವೆ ಒಂದು ತುಂಡು ಕಚ್ಚಿಸಿ ಬಾಯಿ ತೆರೆದೇ ಇರಿಸಿದರು, ಏಕೆಂದರೆ ದವಡೆ ಆಡಿದರೆ ಕಿವಿಯ ದಾರಿಯ ಆಕಾರವೂ ಆಡುತ್ತದೆ. ಹಾಡುಗಾರರಿಗೆ ಬಾಯಿ ತೆರೆದಾಗಿನ ಅಚ್ಚೇ ಬೇಕು. ಆಮೇಲೆ ತಣ್ಣನೆಯ ಸಿಲಿಕೋನು ಒಳಗಿಳಿಯಿತು. ಲೋಕದ ಸದ್ದೆಲ್ಲ ಅಳಿಸಿ, ನನ್ನ ಉಸಿರು, ನನ್ನ ನಾಡಿ ಮಾತ್ರ ಉಳಿದವು.

ಹೊರತೆಗೆದು ಅಂಗೈಯ ಮೇಲಿಟ್ಟಾಗ ನಂಬಲಾಗಲಿಲ್ಲ. ಹುಟ್ಟಿದಂದಿನಿಂದ ನಾನು ಕೇಳಿದ ಪ್ರತಿ ಮಾತು, ಪ್ರತಿ ರಾಗ ಹಾದುಬಂದ ದಾರಿ ಅದು. ಅದರ ಆಕಾರವನ್ನು ನಾನು ಕಂಡದ್ದು ಆವತ್ತೇ ಮೊದಲು. ನೇರ ಕೊಳವೆಯೆಂದು ಕಲ್ಪಿಸಿಕೊಂಡಿದ್ದೆ. ಅದು ಎರಡು ಕಡೆ ತಿರುಗಿ, ನಡುವೆ ಸೊರಗಿ, ತುದಿಯಲ್ಲಿ ಓರೆಯಾಗಿತ್ತು. ಎಡದ್ದು ಬಲಕ್ಕಿಂತ ತೆಳ್ಳಗೆ. ಅಣ್ಣನ ಮಗ ತನ್ನ ಹಳೆಯ ಅಚ್ಚು ತಂದು ಪಕ್ಕದಲ್ಲಿಟ್ಟ. ಒಂದೇ ಮನೆತನದ ಮೂಗು, ಒಂದೇ ಮನೆತನದ ಹಣೆ ನಮ್ಮಿಬ್ಬರದು. ಕಿವಿಯ ಒಳದಾರಿ ಮಾತ್ರ ಬೇರೆ ಬೇರೆ. ಅವನದು ಅಗಲ, ಗಿಡ್ಡ.

ಈ ದಾರಿ ಬರೀ ದಾರಿಯಲ್ಲ, ಅದೂ ಒಂದು ವಾದ್ಯ. ಸುಮಾರು 2.5 ಸೆಂಟಿಮೀಟರ್ ಉದ್ದ, ಒಂದು ತುದಿ ತೆರೆದದ್ದು, ಇನ್ನೊಂದು ತುದಿಯಲ್ಲಿ ತಮಟೆ. ಹಾಗಾಗಿ 3,000 ಹರ್ಟ್ಸಿನ ಆಸುಪಾಸಿನ ಸದ್ದನ್ನು ಅದು ತಾನೇ ಹಿಗ್ಗಿಸುತ್ತದೆ. ನಾವು ಮಾತಿನ ವ್ಯಂಜನಗಳನ್ನು ಬಿಡಿಸಿ ಕೇಳುವುದು ಇದರ ಕೃಪೆಯಿಂದ. ಇಯರ್‌ಫೋನು ಬಂದು ಬಾಗಿಲು ಮುಚ್ಚಿದ ಕೂಡಲೆ ಈ ಸಹಜ ಹಿಗ್ಗು ಹೊರಟುಹೋಗುತ್ತದೆ. ಆದ್ದರಿಂದ ಒಳ್ಳೆಯ ಇಯರ್‌ಫೋನು ತಾನು ಕಸಿದುಕೊಂಡದ್ದನ್ನು ತಾನೇ ತುಂಬಿಕೊಡಬೇಕು, ಆ ಭಾಗವನ್ನು ಬೇಕೆಂದೇ ಎತ್ತಿ ನುಡಿಸಬೇಕು. ಎಷ್ಟು ಎತ್ತಬೇಕು? ಯಾರ ಕಿವಿಯ ಲೆಕ್ಕಕ್ಕೆ? ಎಲ್ಲ ಜಗಳವೂ ಇಲ್ಲಿಂದ ಶುರು.

ಜಗಳ ಬಿಡಿಸಲು ಗ್ರಾಫ್ ಇದೆ. ರಾತ್ರಿ ಊಟದ ಮೇಲೆ ಅಣ್ಣನ ಮಗ ಲ್ಯಾಪ್‌ಟಾಪಿನಲ್ಲಿ ಗೆರೆಗಳ ಮೇಲೆ ಗೆರೆ ಬಿಡಿಸಿ ತೋರಿಸಿದ. ಲೋಹದ ಕೃತಕ ಕಿವಿಯೊಂದಕ್ಕೆ ಇಯರ್‌ಫೋನು ಸಿಕ್ಕಿಸಿ, ಯಾವ ಕಂಪನ ಎಷ್ಟು ಜೋರು ಎಂದು ಅಳೆಯುತ್ತಾರೆ. ಆ ಕಿವಿಗೂ ಒಂದು ಅಂತರರಾಷ್ಟ್ರೀಯ ಅಳತೆಯಿದೆ, ಐಇಸಿ 60318-4 ಎಂದು. ಆದರೆ ಅದೂ ಒಂದು ಕೊಳವೆ ತಾನೆ? 8,000 ಹರ್ಟ್ಸಿನ ಹತ್ತಿರ ಅದು ತಾನೇ ಅನುರಣಿಸುತ್ತದೆ. ಅಲ್ಲಿಂದ ಮೇಲಿನ ಗೆರೆ ಇಯರ್‌ಫೋನಿನದೆಷ್ಟು, ಕೊಳವೆಯದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ನನ್ನ ಅಚ್ಚಿನ ಡೊಂಕು ಕಂಡ ಮೇಲೆ ಆ ಗೆರೆಯ ಬಲತುದಿಯನ್ನು ನಂಬುವುದು ನನ್ನಿಂದಾಗಲಿಲ್ಲ. ಎಡಭಾಗವನ್ನು, ಅಂದರೆ ಬೇಸು ಮತ್ತು ನಡುವಿನ ಸ್ವರಗಳದ್ದನ್ನು, ಧೈರ್ಯವಾಗಿ ನಂಬಬಹುದು.

ಹಾರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಸಂಗಡಿಗರು ಈ ಜಗಳಕ್ಕೆ ಬೇರೆ ದಾರಿ ಹಿಡಿದರು. ಬೇರೆ ಬೇರೆ ಇಯರ್‌ಫೋನುಗಳ ಗುಣವನ್ನೆಲ್ಲ ಅಳೆದು, ಅವನ್ನು ಒಂದೇ ಇಯರ್‌ಫೋನಿನಲ್ಲಿ ನಕಲು ಮಾಡಿ ನುಡಿಸಿದರು. ಕೇಳುವವರಿಗೆ ಹೆಸರೂ ಗೊತ್ತಿಲ್ಲ, ಬೆಲೆಯೂ ಗೊತ್ತಿಲ್ಲ, ಕಿವಿಗೆ ತಾಗುವ ಸ್ಪರ್ಶದಿಂದ ಊಹಿಸುವಂತೆಯೂ ಇಲ್ಲ. ಅವರಲ್ಲಿ ಹೆಚ್ಚು ಜನ ಮೆಚ್ಚಿದ ಗೆರೆಯೇ ಇವತ್ತು 'ಹಾರ್ಮನ್ ಟಾರ್ಗೆಟ್'. ಕಣ್ಣಿಗೆ ಬಟ್ಟೆ ಕಟ್ಟಿದರೆ ಕಿವಿ ಎಷ್ಟು ಪ್ರಾಮಾಣಿಕವಾಗುತ್ತದೆ ನೋಡಿ. ಬೆಲೆಯ ಮಾತಿಗೆ ಬಂದರೆ, 2017ರಲ್ಲಿ ಯೆರುನ್ ಬ್ರೇಬಾರ್ಟ್ ಎಂಬವರು 283 ಹೆಡ್‌ಫೋನು, ಇಯರ್‌ಫೋನುಗಳ ಗೆರೆಗಳನ್ನು ಬೆಲೆಯ ಪಕ್ಕದಲ್ಲಿಟ್ಟು ನೋಡಿ, ಎರಡಕ್ಕೂ ಸಂಬಂಧವೇ ಕಾಣುವುದಿಲ್ಲ ಎಂದು ಬರೆದರು. ಅಣ್ಣನ ಮಗ ಈ ಪುಟವನ್ನು ಬೇಗ ದಾಟಿಸಿದ. ಅವನ ಜೇಬಿನಲ್ಲಿದ್ದದ್ದು ಅರವತ್ತು ಸಾವಿರ ಯೆನ್‌ನದು.

ಹಾಗೆಯೇ ಒಂದು ಆಟವೂ ನಡೆಯಿತು. ತಗ್ಗಿನಿಂದ ಮೇಲಕ್ಕೆ ಏರುವ ಒಂದೇ ಸ್ವರವನ್ನು ಅವನು ನುಡಿಸಿದ, ಕೇಳಿಸುತ್ತಿರುವ ತನಕ ಕೈ ಎತ್ತಿರಬೇಕು. ಹನ್ನೆರಡು ಸಾವಿರ ಹರ್ಟ್ಸ್ ದಾಟಿ ಸ್ವಲ್ಪಕ್ಕೇ ನನ್ನ ಕೈ ಇಳಿಯಿತು. ಅವನ ಕೈ ಇನ್ನೂ ಮೇಲೇ ಇತ್ತು. ಐವತ್ತು ದಾಟಿದ ಮೇಲೆ ಮೇಲಿನ ಸ್ವರಗಳು ಒಂದೊಂದಾಗಿ ಮನೆ ಖಾಲಿ ಮಾಡುತ್ತವೆ. ಅಂಗಡಿಯಲ್ಲಿ ಅವನು 'ಚುಚ್ಚುತ್ತೆ' ಎಂದು ಬದಿಗಿಟ್ಟ ಒಂದು ಇಯರ್‌ಫೋನು ನನಗೆ ಹಿತವಾಗಿತ್ತು, ಅದರ ಗುಟ್ಟು ಇಷ್ಟೇ. ಅವನನ್ನು ಚುಚ್ಚುವ ಮುಳ್ಳು ನನ್ನ ಪಾಲಿಗೆ ಇರಲೇ ಇಲ್ಲ.

ವಾರದ ಕೊನೆಗೆ ಶಿಂಕಾನ್‌ಸೆನ್ ರೈಲು ಹತ್ತಿ ಕ್ಯೋಟೊಗೆ ಹೋದೆವು. ಅಲ್ಲಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆ, ಬೆಟ್ಟದ ಮಡಿಲಿನ ಒಹಾರಾ ಎಂಬ ಹಳ್ಳಿ. ಜಪಾನಿನ ಬೌದ್ಧ ಮಂತ್ರಗಾಯನಕ್ಕೆ, ಅದನ್ನು ಶೋಮ್ಯೋ ಎನ್ನುತ್ತಾರೆ, ಈ ಊರು ತವರು. ಭಾರತದಲ್ಲಿ ಹುಟ್ಟಿ ಚೀನಾದಲ್ಲಿ ಬೆಳೆದ ಆ ಗಾಯನವನ್ನು 9ನೆಯ ಶತಮಾನದಲ್ಲಿ ಎನ್ನಿನ್ ಎಂಬ ಭಿಕ್ಷು ಇತ್ತ ತಂದರು. 12ನೆಯ ಶತಮಾನದ ಆರಂಭದಲ್ಲಿ ರ್ಯೋನಿನ್ ಎಂಬವರು ಅದನ್ನು ಇಲ್ಲಿ ನೆಲೆಗೊಳಿಸಿದರು. ಹಳ್ಳಿಯಲ್ಲಿ ಹರಿಯುವ ಎರಡು ತೊರೆಗಳಿಗೂ ಶೋಮ್ಯೋದ ಎರಡು ಸ್ವರಶ್ರೇಣಿಗಳ ಹೆಸರೇ: ರ್ಯೋ ಮತ್ತು ರಿತ್ಸು. ತೊರೆಗಳಿಗೆ ರಾಗದ ಹೆಸರಿಟ್ಟ ಊರಿನಲ್ಲಿ ನಡೆಯುವಾಗ ಕಾಲು ತಾನಾಗಿ ನಿಧಾನವಾಯಿತು.

ಹೋಸೆನ್-ಇನ್ ಎಂಬ ಗುಡಿಯಲ್ಲಿ ಗೋಡೆಯಿಲ್ಲದ ಚೌಕಟ್ಟಿನಾಚೆ ಸುಮಾರು 700 ವರ್ಷದ ಪೈನ್ ಮರ. ಮಚ್ಚಾ ಚಹಾ, ಜೊತೆಗೆ ಒಂದು ಸಿಹಿ. ಅಲ್ಲೇ ಒಳಗೆ ಶೋಮ್ಯೋದ ಶ್ರುತಿ ನೋಡಿಕೊಳ್ಳಲು ಬಳಸುತ್ತಿದ್ದ ನುಡಿಯುವ ಕಲ್ಲಿನ ಫಲಕಗಳಿವೆ. ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಅಂಗಳದಂಚಿನ ಎರಡು ಬಿದಿರಿನ ಕೊಳವೆಗಳು. ನೆಲದಡಿಯಲ್ಲಿ ಮಡಕೆಯೊಂದನ್ನು ಬೋರಲು ಹೂತಿಡುತ್ತಾರೆ, ಮೇಲಿನ ತೂತಿನಿಂದ ನೀರು ಹನಿಹನಿಯಾಗಿ ಒಳಗಿನ ನೀರಿಗೆ ಬೀಳುತ್ತದೆ. ಸುಯಿಕಿಂಕುತ್ಸು ಎಂದು ಅದರ ಹೆಸರು. ಹನಿ ಬಿದ್ದಾಗ ನೀರಿನಡಿ ಸಿಕ್ಕುವ ಗಾಳಿಗುಳ್ಳೆ ಕಂಪಿಸಿ ಸ್ವರ ಹುಟ್ಟುತ್ತದೆ, ಮಡಕೆ ಅದನ್ನು ತುಂಬಿಸುತ್ತದೆ. ಬಿದಿರಿಗೆ ಕಿವಿಯಿಟ್ಟೆ. ಟಿಣ್... ಬಹಳ ಹೊತ್ತಿಗೆ ಇನ್ನೊಂದು, ಬೇರೆ ಎತ್ತರದಲ್ಲಿ. ಆಚೆ ಬಿದಿರಿನಲ್ಲಿ ಬೇರೆಯದೇ ಸ್ವರ. ಟೋಕಿಯೊದ ಗಾಜಿನ ಕಪಾಟಿನಲ್ಲಿ ಕಂಡದ್ದರ ಮುತ್ತಜ್ಜ ಇಲ್ಲಿ ನೆಲಕ್ಕೆ ನಾಟಿಕೊಂಡು ನಿಂತಿದ್ದ.

"ಇದಕ್ಕೂ ಒಂದು ಗ್ರಾಫ್ ತೆಗೆದುಬಿಡಲಾ ಚಿಕ್ಕಪ್ಪ?" ಎಂದ ಅವನು, ತಮಾಷೆಗೆ. ನನಗೆ ತಮಾಷೆಯೆನಿಸಲಿಲ್ಲ. ಈ ಬಿದಿರು ಒಳಗಿನ ಸದ್ದನ್ನು ಇದ್ದಂತೆ ತರುತ್ತಿದೆಯೋ ತಿದ್ದಿ ತರುತ್ತಿದೆಯೋ ಎಂದು ಹೇಳುವುದು ಹೇಗೆ? ಮಡಕೆಯೊಳಗೆ ಹೋಗಿ ಕೂತು ಕೇಳಿದವರಿಲ್ಲ. ನಮ್ಮ ರೆಕಾರ್ಡುಗಳೂ ಹೀಗೇ. ಮನ್ಸೂರರ ಎದುರು ಕೂತು ಆವತ್ತಿನ ಆ ಗಾಯನ ಕೇಳಿದವನು ನಾನಲ್ಲ. ಮೈಕು ಎಲ್ಲಿತ್ತು, ಎಂಜಿನಿಯರು ಯಾವ ಸ್ಪೀಕರಿನಲ್ಲಿ ಕೇಳಿ ಹದ ಮಾಡಿದ, ಅದೂ ಗೊತ್ತಿಲ್ಲ. ಗೊತ್ತಿಲ್ಲದ ಸ್ಪೀಕರಿನಲ್ಲಿ ಹದಗೊಂಡ ಹಾಡಿನಿಂದ ಗೊತ್ತಿಲ್ಲದ ಇಯರ್‌ಫೋನನ್ನು ಅಳೆಯುವ ಈ ಸುತ್ತಾಟವನ್ನು ಫ್ಲಾಯ್ಡ್ ಟೂಲ್ ಎಂಬ ಧ್ವನಿ ವಿಜ್ಞಾನಿ ಗೊಂದಲದ ವರ್ತುಲ ಎಂದರು. ಆ ವರ್ತುಲದಿಂದ ಹೊರಗಿದ್ದದ್ದು ನನ್ನ ಪ್ಲೇಯರಿನಲ್ಲಿ ಒಂದೇ, ಆ ತಂಬೂರಿ. ಅದರ ನಿಜವಾದ ನಾದ ನನ್ನ ಈ ಎರಡು ಡೊಂಕು ದಾರಿಗಳಲ್ಲೇ ದಿನಾ ಬೆಳಗ್ಗೆ ಹಾದುಹೋಗುತ್ತದೆ.

ಹಳ್ಳಿಯ ಹಿಂದಿನ ಬೆಟ್ಟ ಹತ್ತಿದರೆ ಒಟೊನಾಶಿ-ನೊ-ತಕಿ, ಸದ್ದಿಲ್ಲದ ಜಲಪಾತ. ರ್ಯೋನಿನ್ ಇದರ ಎದುರು ಕೂತು ಶೋಮ್ಯೋ ಸಾಧನೆ ಮಾಡುವಾಗ ನೀರಿನ ಸದ್ದು ಅವರ ದನಿಯಲ್ಲಿ ಕರಗಿ ಇಲ್ಲವಾಯಿತೆಂದು ಕಥೆ. ನಾವು ಹೋದಾಗ ಅದು ಒಂದೇ ಸಮ ಸುರಿಯುತ್ತಿತ್ತು. ನಾನು ಮೆಲ್ಲಗೆ ಷಡ್ಜ ಹಿಡಿದು ನೋಡಿದೆ. ಸದ್ದು ಇಲ್ಲವಾಗಲಿಲ್ಲ, ನನ್ನ ದನಿಯೇ ಇಲ್ಲವಾಯಿತು. ಆದರೂ ಕೂತು ಕೇಳಿದೆ. ಜಲಪಾತದ ಸದ್ದಿನಲ್ಲಿ ಯಾವ ಸ್ವರವೂ ಎದ್ದು ನಿಲ್ಲುವುದಿಲ್ಲ, ಎಲ್ಲವೂ ಸೇರಿಯೇ ಇರುತ್ತವೆ. ಧ್ವನಿ ಎಂಜಿನಿಯರುಗಳು ಇಂಥದ್ದನ್ನೇ ಕೃತಕವಾಗಿ ಮಾಡಿ 'ಪಿಂಕ್ ನಾಯ್ಸ್' ಎನ್ನುತ್ತಾರೆ. ಸಂಗೀತದಲ್ಲಿ ಅಡಗಿಕೊಳ್ಳುವ ದೋಷ ಅದರಲ್ಲಿ ಅಡಗುವುದಿಲ್ಲ. ಇಯರ್‌ಫೋನು ಒಂದು ಸ್ವರವನ್ನು ಹೆಚ್ಚಾಗಿ ಮುದ್ದಿಸಿದರೂ ಆ ಒಂದೇ ಸಮನೆಯ ಸದ್ದಿನಲ್ಲಿ ಅದು ಹೊರಗೆ ಬೀಳುತ್ತದೆ. ಅಣ್ಣನ ಮಗ ಇದನ್ನು ಎಷ್ಟೋ ಸಲ ಹೇಳಿದ್ದ. ಆ ನೀರಿನ ಮುಂದೆ ಕೂತ ಮೇಲೆ ನನಗೆ ಅದು ಅರ್ಥವಾಯಿತು.

ಟೋಕಿಯೊಗೆ ಮರಳಿ ಕೊನೆಗೆ ಹೋದದ್ದು ನಕಾನೊ ಬ್ರಾಡ್‌ವೇಗೆ. 1966ರಲ್ಲಿ ಕಟ್ಟಿದ ಹಳೆಯ ಸಂಕೀರ್ಣ. ಗೊಂಬೆ, ಗಡಿಯಾರ, ಹಳೆಯ ಕಾಮಿಕ್ಸ್ ಅಂಗಡಿಗಳ ನಡುವೆ ಮೂರನೆಯ ಮಹಡಿಯಲ್ಲಿ ಫುಜಿಯಾ ಏವಿಕ್. ಹೆಡ್‌ಫೋನ್ ಹಬ್ಬವನ್ನು ವರ್ಷವರ್ಷವೂ ನಡೆಸುವ ಅಂಗಡಿ ಇದೇ. ಬಳಸಿದ ಮಾಲಿಗೆ ಇಲ್ಲಿ ಬೇರೆ ಸಾಲು; ಒಂದೊಂದರ ಮೇಲೂ ಎಲ್ಲಿ ಗೀರು, ಯಾವ ಟಿಪ್ಸು ಇಲ್ಲ ಎಂದು ಚೀಟಿ ಅಂಟಿಸಿರುತ್ತಾರೆ.

ಈ ಸಲ ಆತುರವಿರಲಿಲ್ಲ. ನನ್ನ ಅಳತೆಯ ಟಿಪ್ಸು ಜೇಬಿನಲ್ಲಿತ್ತು. ಮೊದಲು ಪಿಂಕ್ ನಾಯ್ಸ್. ಒಂದರಲ್ಲಿ ಅದು ಕೊಳವೆಯೊಳಗಿಂದ ಬಂದಂತಿತ್ತು, ಇನ್ನೊಂದರಲ್ಲಿ 'ಶ್' ಎಂಬುದು 'ಸ್' ಎಂದಾಗಿತ್ತು, ಎರಡನ್ನೂ ಬದಿಗಿಟ್ಟೆ. ಉಳಿದವಕ್ಕೆ ಮೃದಂಗ. ಎಡಗೈಯ ಗುಮ್ಕಿ ಒಂದು ಪೆಟ್ಟಲ್ಲ, ಅದು ಜಾರುವ ಸ್ವರ, ಕೈಯೊತ್ತಿದಂತೆ ಮೇಲೇರುತ್ತದೆ. ಬೇಸು ಹೆಚ್ಚಿದ್ದೆಲ್ಲ ಒಳ್ಳೆಯ ಬೇಸಲ್ಲ ಎಂದು ಗುಮ್ಕಿ ಕ್ಷಣದಲ್ಲಿ ಹೇಳಿಬಿಡುತ್ತದೆ. ಕೆಲವುಗಳಲ್ಲಿ 'ಗುಂ' ಎಂಬ ಗುದ್ದು ಮಾತ್ರ ಬಂತು, ಜಾರು ಬರಲಿಲ್ಲ. ಆಮೇಲೆ ತಂಬೂರಿ.

ಒಂದರಲ್ಲಿ ಬಂತು. ಮಂದ್ರ ಮೀಟಿದೆ, ಅಂದರೆ ಮೈಸೂರಿನಲ್ಲಿ ಮೀಟಿದ್ದು ಇಲ್ಲಿ ನುಡಿಯಿತು, ಝೇಂಕಾರ ಹರಡಿತು, ಅದರ ನಡುವಿನಿಂದ ಗಾಂಧಾರ ಎದ್ದು ನಿಂತಿತು. ಬೆಲೆಯ ಚೀಟಿ ತಿರುಗಿಸಿ ನೋಡಿ ಮೆಲ್ಲಗೆ ಕೆಳಗಿಟ್ಟೆ. ಅಷ್ಟು ದುಡ್ಡಿಗೆ ವಿಮಾನದಲ್ಲಿ ಇನ್ನೊಂದು ಸಲ ಬಂದು ಹೋಗಬಹುದಿತ್ತು. ಇನ್ನೂ ಹುಡುಕಿದೆ. ಒಂದೇ ಡ್ರೈವರಿನ, ಹದಿನಾಲ್ಕು ಸಾವಿರ ಯೆನ್ ಚೀಟಿಯ, ಬಲಗಡೆ ಸಣ್ಣ ಗೀರಿದ್ದ ಒಂದರಲ್ಲಿ ಗಾಂಧಾರ ಮತ್ತೆ ಸಿಕ್ಕಿತು. ಮೊದಲಿನದರಷ್ಟು ನಿಚ್ಚಳವಲ್ಲ, ಆದರೆ ತನ್ನ ಜಾಗದಲ್ಲಿ, ತನ್ನ ಹೊತ್ತಿಗೆ. ಅದನ್ನೇ ಕಟ್ಟಿಸಿದೆ.

ಮರಳುವಾಗ ಚುಓ ಲೈನಿನಲ್ಲಿ ಅಣ್ಣನ ಮಗನಿಗೆ ಕೊಟ್ಟು ಕೇಳಲು ಹೇಳಿದೆ. ರೈಲಿನ ಗಡಗಡಕ್ಕೆ ಬೇಸು ಅರ್ಧ ಮುಚ್ಚಿಹೋಗುತ್ತದೆ, ಅಂಗಡಿಯ ತೀರ್ಪು ಅಲ್ಲಿ ಹಾಗೇ ನಿಲ್ಲುವುದಿಲ್ಲ, ಆದರೂ ಕೇಳಿದ. "ಎಲ್ಲಿ ಗಾಂಧಾರ? ನನಗೆ ಸಾ ಪಾ ಬಿಟ್ಟು ಏನೂ ಇಲ್ಲ." ಅವನ ಒಂದು ಕಿವಿಯಿಂದ ಇಯರ್‌ಫೋನು ತೆಗೆಸಿ, ಪಕ್ಕದವರಿಗೆ ಕೇಳದ ಹಾಗೆ ಅದೇ ಎತ್ತರಕ್ಕೆ ಗಾಂಧಾರ ಗುನುಗಿದೆ. ಅವನು ಮೊದಲು ನನ್ನ ಮುಖ ನೋಡಿದ, ಆಮೇಲೆ ಕಿಟಕಿಯ ಕಡೆ ತಿರುಗಿದ. ಮುಂದಿನ ನಿಲ್ದಾಣ ಬರುವವರೆಗೂ ಮಾತಾಡಲಿಲ್ಲ.

"ಇದು ಮೊದಲಿಂದಲೂ ಇತ್ತಾ?"

"ಇತ್ತು."

ಜೇಬಿನಿಂದ ತನ್ನ ಅರವತ್ತು ಸಾವಿರದ್ದನ್ನು ತೆಗೆದು ಅದೇ ತಂಬೂರಿ ಹಚ್ಚಿದ. ಕೇಳಿದ. ಟಿಪ್ಸು ಒತ್ತಿ ನೋಡಿದ, ವಾಲ್ಯೂಮು ಇಳಿಸಿದ, ಏರಿಸಿದ.

"ಇದರಲ್ಲಿ ಬರ್ತಾ ಇಲ್ಲ ಚಿಕ್ಕಪ್ಪ. ಬೇಸೇ ಎಲ್ಲಾ ನುಂಗ್ತಾ ಇದೆ. ಇನ್ನೂ ಕಂತು ಮುಗಿದಿಲ್ಲ ಇದಕ್ಕೆ, ಸುಮ್ಮನೆ ಇರಬಾರದಿತ್ತಾ ನೀವು?"